ವಿದೇಶಿ ಆಟಗಾರರು ಎದುರಿಗೆ ಕುಳಿತಾಗ ಮಕ್ಕಳು ಏನು ಕೇಳಬೇಕು?

ಪ್ರಶ್ನೆ
ಬರೆದವರು: ಟಿಳಕವಾಡಿ ಓಪನರ್, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ನಾವು ನಾಲ್ಕೈದು ಮಂದಿ ಹಳೆಯ ಕ್ಲಬ್ ಆಟಗಾರರು ಸೇರಿಕೊಂಡು ಪ್ರತಿ ಭಾನುವಾರ ಬೆಳಗ್ಗೆ ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುತ್ತೇವೆ. ಹನ್ನೊಂದರಿಂದ ಹದಿನಾರು ವಯಸ್ಸಿನ ಇಪ್ಪತ್ತೆರಡು ಮಕ್ಕಳಿದ್ದಾರೆ; ಅವರಲ್ಲಿ ಆರು ಜನ ಹುಡುಗಿಯರು. ಈಚೆಗೆ ಪರಿಚಿತರೊಬ್ಬರಿಂದ ಒಂದು ಸುದ್ದಿ ಬಂದಿದೆ. ನಮ್ಮ ಭಾಗಕ್ಕೆ ಆಡಲು ಬರುವ ವಿದೇಶಿ ತಂಡವೊಂದರ ಇಬ್ಬರು ಆಟಗಾರರು, ಒಬ್ಬ ಬ್ಯಾಟರ್ ಮತ್ತು ಒಬ್ಬ ಸ್ಪಿನ್ನರ್, ನಮ್ಮ ಮಕ್ಕಳೊಡನೆ ಅರ್ಧ ಗಂಟೆ ಕುಳಿತು ಮಾತನಾಡಲು ಒಪ್ಪುವ ಸಂಭವವಿದೆಯಂತೆ. ಇನ್ನೂ ಯಾವುದೂ ಪಕ್ಕಾ ಆಗಿಲ್ಲವಾದ್ದರಿಂದ ತಂಡದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನಗಿರುವ ಚಿಂತೆ ಒಂದೇ: ಆ ಅರ್ಧ ಗಂಟೆಯಲ್ಲಿ ಮಕ್ಕಳು ಏನು ಕೇಳಬೇಕು?

ಈ ಚಿಂತೆಯ ಹಿಂದೆ ನನ್ನದೇ ಒಂದು ಹಳೆಯ ಪೆಟ್ಟಿದೆ. 2019ರ ಜೂನ್‌ನಲ್ಲಿ ಇಲ್ಲಿಯ ಆಟೋನಗರದಲ್ಲಿರುವ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೈದಾನದಲ್ಲಿ ಎರಡನೆಯ ಸಾಲಿನ ತಂಡಗಳಾದ ಭಾರತ ‘ಎ’ ಮತ್ತು ಶ್ರೀಲಂಕಾ ‘ಎ’ ನಡುವೆ ಏಕದಿನ ಪಂದ್ಯ ನಡೆದಾಗ ನಾನು ರಜೆ ಹಾಕಿ ಹೋಗಿದ್ದೆ. ಆ ದಿನ ಋತುರಾಜ್ ಗಾಯಕವಾಡ್ 136 ಎಸೆತಗಳಲ್ಲಿ ಔಟಾಗದೆ 187 ರನ್ ಹೊಡೆದರು. ನಾನು ಕುಳಿತಿದ್ದ ಕಡೆಯ ಬೌಂಡರಿಯಲ್ಲಿ ನಿಂತಿದ್ದ ಶ್ರೀಲಂಕಾದ ಫೀಲ್ಡರ್ ಹಗ್ಗದ ಗುಂಟ ಎಡಕ್ಕೂ ಬಲಕ್ಕೂ ಓಡಿ ಓಡಿ ಸೋತುಹೋಗಿದ್ದ; ಅವನ ಪ್ಯಾಂಟಿನ ಒಂದು ಮೊಣಕಾಲು ಪೂರ್ತಿ ಮಣ್ಣಾಗಿತ್ತು. ಪಂದ್ಯ ಮುಗಿದು ಅವನು ಬಸ್ಸಿನ ಕಡೆಗೆ ಹೊರಟಾಗ ಬೇಲಿಯ ಈಚೆ ನಾನು, ಆಚೆ ಅವನು, ನಡುವೆ ಎರಡು ಮೊಳದ ಅಂತರ. ಅವನು ನಿಂತ. ನನ್ನ ಬಾಯಿಂದ ಹೊರಟದ್ದು ಇಷ್ಟೇ: ‘ಬೆಳಗಾವಿ ಹೇಗನ್ನಿಸಿತು?’ ‘ತುಂಬ ಚೆನ್ನಾಗಿದೆ, ಜನ ಬಹಳ ಒಳ್ಳೆಯವರು’ ಎಂದು ನಕ್ಕು ಅವನು ಬಸ್ ಹತ್ತಿದ. ಪಾಪ, ಅವನು ಬೆಳಗಾವಿಯಲ್ಲಿ ಕಂಡಿದ್ದು ಹೋಟೆಲಿನ ಕೋಣೆಯನ್ನು ಮತ್ತು ಗಾಯಕವಾಡರ ಬ್ಯಾಟನ್ನು. ಚೆಂಡು ಮತ್ತೆ ಮತ್ತೆ ತನ್ನ ಕಡೆಗೇ ಬರುತ್ತದೆಂದು ತಿಳಿದಾಗ ಎಲ್ಲಿ ನಿಲ್ಲಬೇಕೆಂದು ಅವನೇ ತೀರ್ಮಾನಿಸುತ್ತಿದ್ದನೋ, ನಾಯಕ ಕೈಸನ್ನೆ ಮಾಡುತ್ತಿದ್ದನೋ ಎಂದು ಕೇಳಿದ್ದರೆ ಇವತ್ತಿಗೂ ನನ್ನ ಹುಡುಗರಿಗೆ ಹೇಳಲು ಒಂದು ಪಾಠವಿರುತ್ತಿತ್ತು.

ಹೋದ ಭಾನುವಾರ ಮಕ್ಕಳಿಗೆ ತಲಾ ಒಂದು ಚೀಟಿ ಕೊಟ್ಟು ಒಂದೊಂದು ಪ್ರಶ್ನೆ ಬರೆಯಲು ಹೇಳಿದೆ. ಇಪ್ಪತ್ತೆರಡರಲ್ಲಿ ಒಂಬತ್ತು ಚೀಟಿಗಳಲ್ಲಿ ‘ನಿಮಗೆ ಇಷ್ಟವಾದ ಭಾರತದ ಆಟಗಾರ ಯಾರು’ ಎಂದಿತ್ತು. ಐದರಲ್ಲಿ ಊಟದ ವಿಷಯ, ನಾಲ್ಕರಲ್ಲಿ ವಿರಾಟ್ ಕೊಹ್ಲಿ. ಒಬ್ಬ ಹುಡುಗ ಖಾಲಿ ಚೀಟಿ ಕೊಟ್ಟು, ‘ಏನ್ ಕೇಳ್ಲಿರಿ ಸರ, ಅವರ್ನ ನೋಡಿದ್ರ ಸಾಕ್ರಿ’ ಎಂದ. ಅವನ ಮಾತೂ ಸುಳ್ಳಲ್ಲ. ಇಂಥ ಭೇಟಿಗಳ ಅನುಭವವಿರುವವರು ಏನು ಕೇಳಬಹುದು, ಏನು ಕೇಳಬಾರದು ಎಂಬುದನ್ನು ದಯವಿಟ್ಟು ತಿಳಿಸಿ. ಶಾಲು ಹೊದಿಸಬೇಕೇ, ಕುಂದಾ ಕೊಡಬಹುದೇ ಎಂಬುದರ ಬಗ್ಗೆ ನಮ್ಮ ಸಂಘದೊಳಗೇ ಎರಡು ಗುಂಪುಗಳಾಗಿವೆ. ಅದನ್ನೂ ಯಾರಾದರೂ ಬಗೆಹರಿಸಿಕೊಡಿ.


ಉತ್ತರ 1
ಬರೆದವರು: ಬೇಲಿಯಾಚೆ, ಬೆಳಗಾವಿ

ಓಪನರ್ ಅವರಿಗೆ ನಮಸ್ಕಾರ. ಹೊರಗಿನಿಂದ ಬರುವ ತಂಡಗಳ ಸ್ಥಳೀಯ ಓಡಾಟ ನೋಡಿಕೊಳ್ಳುವವರ ಕೈಕೆಳಗೆ ಕೆಲವು ಪಂದ್ಯಗಳಲ್ಲಿ ಕೆಲಸ ಮಾಡಿದ್ದೇನೆ. ಏನು ಕೇಳಬೇಕೆಂಬುದನ್ನು ನನಗಿಂತ ಬಲ್ಲವರು ಹೇಳಲಿ, ಕೇಳಬಾರದ್ದನ್ನು ಮಾತ್ರ ನಾನು ಹೇಳುತ್ತೇನೆ.

ನಾಳೆ ಯಾರು ಆಡುತ್ತಾರೆ, ಯಾರ ಬೆರಳಿಗೆ ಪೆಟ್ಟಾಗಿದೆ, ಟಾಸ್ ಗೆದ್ದರೆ ಏನು ಮಾಡುತ್ತೀರಿ, ಪಿಚ್ ನೋಡಿದಿರಾ, ಹೇಗಿದೆ? ನಮ್ಮಲ್ಲಿ ಚಹಾದ ಅಂಗಡಿಯಲ್ಲಿ ಕುಳಿತವರೂ ಸಹಜವಾಗಿ ಕೇಳುವ ಈ ಪ್ರಶ್ನೆಗಳನ್ನು ಮಕ್ಕಳ ಚೀಟಿಗಳಿಂದ ಮೊದಲೇ ತೆಗೆದುಬಿಡಿ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿಯ ಭ್ರಷ್ಟಾಚಾರ ತಡೆ ನಿಯಮಾವಳಿಯ ಪ್ರಕಾರ, ಇನ್ನೂ ಬಹಿರಂಗವಾಗದ ಇಂಥ ಮಾಹಿತಿ ತಂಡದ ಒಳಗಿನ ಮಾಹಿತಿಯಾಗುತ್ತದೆ. ಅದು ಜೂಜಿಗೆ ಬಳಕೆಯಾಗಬಹುದೆಂದು ತಿಳಿದೂ ಅಥವಾ ತಿಳಿದಿರಬೇಕಾದ ಸಂದರ್ಭದಲ್ಲೂ ಹೊರಗೆ ಹೇಳಿದರೆ ಆಟಗಾರ ಶಿಕ್ಷೆಗೆ ಗುರಿಯಾಗುತ್ತಾನೆ. ಹೇಳುವುದಿರಲಿ, ಯಾರಾದರೂ ಕೆಟ್ಟ ಉದ್ದೇಶದಿಂದ ಸಂಪರ್ಕಿಸಿದರೆ ಅದನ್ನು ಅಧಿಕಾರಿಗಳಿಗೆ ತಿಳಿಸದೆ ಸುಮ್ಮನಿರುವುದೂ ಅಪರಾಧವೇ. 2019ರ ಅಕ್ಟೋಬರ್‌ನಲ್ಲಿ ಬಾಂಗ್ಲಾದೇಶದ ಶಕೀಬ್ ಅಲ್ ಹಸನ್ ಅವರಿಗೆ ಎರಡು ವರ್ಷಗಳ ನಿಷೇಧ ವಿಧಿಸಿ, ಅದರಲ್ಲಿ ಒಂದು ವರ್ಷವನ್ನು ಅಮಾನತಿನಲ್ಲಿಟ್ಟದ್ದು ಈ ಕಾರಣಕ್ಕೇ. ಅವರು ಪಂದ್ಯ ಮಾರಿಕೊಂಡರೆಂದು ಯಾರೂ ಹೇಳಲಿಲ್ಲ. ತಮ್ಮನ್ನು ಸಂಪರ್ಕಿಸಿದವನ ಬಗ್ಗೆ ವರದಿ ಮಾಡಲಿಲ್ಲ ಎಂಬುದಷ್ಟೇ ಆರೋಪವಾಗಿತ್ತು. ಅದೇ ವರ್ಷ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಪ್ರಕರಣ ಹೊರಬಿದ್ದು ಬಂಧನಗಳಾದದ್ದು ನಿಮಗೆ ನೆನಪಿರಬಹುದು. ಹೀಗಾಗಿ ಹನ್ನೆರಡು ವರ್ಷದ ಹುಡುಗ ಮುಗ್ಧವಾಗಿ ‘ನಾಳೆ ನೀವು ಆಡ್ತೀರೇನ್ರಿ’ ಎಂದರೂ ಆಟಗಾರನ ಮುಖ ಬಿಗಿಯುತ್ತದೆ, ಪಕ್ಕದಲ್ಲಿ ನಿಂತ ಮ್ಯಾನೇಜರ್ ಗಡಿಯಾರ ನೋಡಲು ಶುರು ಮಾಡುತ್ತಾರೆ. ಪಂದ್ಯದ ದಿನ ಆಟಗಾರರ ಆವರಣದೊಳಗೆ ಫೋನಿಗೆ ಮಾತ್ರವಲ್ಲದೆ ಸ್ಮಾರ್ಟ್ ವಾಚಿಗೂ ನಿರ್ಬಂಧವಿರುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ವಿವರಿಸಿದರೆ ಅವರಿಗೂ ಈ ಎಚ್ಚರ ಅರ್ಥವಾದೀತು.

ಇನ್ನು ಕುಂದಾ. ಬೆಲೆಯ ಮಟ್ಟಿಗೆ ಚಿಂತೆ ಬೇಡ. ಆಟಗಾರರು 750 ಡಾಲರ್ ಅಥವಾ ಅದಕ್ಕೂ ಹೆಚ್ಚು ಬೆಲೆಯ ಉಡುಗೊರೆಯನ್ನು ವರದಿ ಮಾಡಬೇಕೆಂಬ ನಿಯಮವಿದೆ. ಅಷ್ಟು ದುಡ್ಡಿನ ಕುಂದಾ ಕೊಟ್ಟರೆ ಅದನ್ನು ಒಯ್ಯಲು ಇನ್ನೊಂದು ಬಸ್ಸು ಬೇಕಾಗುತ್ತದೆ. ತೊಡಕಿರುವುದು ತಿನ್ನುವುದರಲ್ಲಿ. ದೇಹದಲ್ಲಿ ನಿಷೇಧಿತ ವಸ್ತು ಕಂಡುಬಂದರೆ ಅದು ಹೇಗೆ ಒಳಗೆ ಹೋಯಿತೆಂಬುದಕ್ಕೆ ಆಟಗಾರನೇ ಹೊಣೆ. 2003ರ ವಿಶ್ವಕಪ್‌ನ ಹೊಸ್ತಿಲಲ್ಲಿ ಆಸ್ಟ್ರೇಲಿಯಾದ ಶೇನ್ ವಾರ್ನ್ ಒಂದು ಮಾತ್ರೆಯಿಂದಾಗಿ ಮನೆಗೆ ಮರಳಿ ಒಂದು ವರ್ಷದ ನಿಷೇಧ ಅನುಭವಿಸಿದರು. 2019ರಲ್ಲಿ ಪೃಥ್ವಿ ಶಾ ಅವರಿಗೆ ಕೆಮ್ಮಿನ ಔಷಧದಲ್ಲಿದ್ದ ಅಂಶವೊಂದಕ್ಕಾಗಿ ಎಂಟು ತಿಂಗಳ ನಿಷೇಧವಾಯಿತು. ಕುಂದಾದಲ್ಲಿ ಹಾಲು, ಸಕ್ಕರೆ ಬಿಟ್ಟು ಇನ್ನೇನಿದೆ ಎಂದು ನೀವು ಕೇಳಬಹುದು, ಆದರೆ ಅದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆದ್ದರಿಂದ ಅಂಗಡಿಯಲ್ಲಿ ಸೀಲ್ ಮಾಡಿದ ಡಬ್ಬಿಯನ್ನೇ ಕೈಗೆ ಕೊಟ್ಟುಬಿಡಿ. ‘ಒಂದೇ ತುತ್ತರೆ ತಿನ್ರಿ, ನಮ್ಮ ಮ್ಯಾಲ ಆಣೆ’ ಎಂಬ ನಮ್ಮ ಉಪಚಾರವನ್ನು ಮಾತ್ರ ಆ ದಿನದ ಮಟ್ಟಿಗೆ ಬದಿಗಿಡಿ.

ಶಾಲಿನ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತವಾಗಿದೆ. ನಮ್ಮ ಸೀಮೆಯ ಒಂದು ಊರಿನಲ್ಲಿ ನಡೆದ ಇಂಥದೇ ಕಾರ್ಯಕ್ರಮದಲ್ಲಿ ಶಾಲು, ಹಾರ, ಪೇಟ, ಸ್ಮರಣಿಕೆ, ಇಬ್ಬರು ಗಣ್ಯರ ಭಾಷಣ, ವಂದನಾರ್ಪಣೆ ಎಲ್ಲ ಸೇರಿ ನಲವತ್ತು ನಿಮಿಷ ತಿಂದವು. ಮಕ್ಕಳಿಗೆ ಉಳಿದದ್ದು ಒಂದು ಗ್ರೂಪ್ ಫೋಟೋ. ಹಿಂದಿನ ಸಾಲಿನಲ್ಲಿ ಕಾಗದದ ತುಂಡು ಹಿಡಿದು ಕುಳಿತಿದ್ದ ಹುಡುಗಿಯೊಬ್ಬಳು ಅದನ್ನು ನಾಲ್ಕು ಮಡಿಕೆ ಮಾಡಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಎದ್ದು ಹೋದದ್ದನ್ನು ನಾನೇ ನೋಡಿದ್ದೇನೆ.


ಉತ್ತರ 2
ಬರೆದವರು: ಪಿ.ಟಿ. ಮಾಸ್ತರ, ಬಾಗಲಕೋಟೆ

ಓಪನರ್ ಸರ್, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಆ ಫೀಲ್ಡರನ್ನು ಕೇಳದೆ ಉಳಿದ ಪ್ರಶ್ನೆ ಇದೆಯಲ್ಲ, ಅಂಥದನ್ನೇ ಕೇಳಬೇಕು. ನೀವು ಕಣ್ಣಾರೆ ಕಂಡದ್ದು, ಆದರೆ ಅವನ ತಲೆಯೊಳಗೆ ಏನಾಯಿತೆಂದು ನಿಮಗೆ ತಿಳಿಯದಿದ್ದದ್ದು. ಸಾವಿರ ಸಲ ಕೇಳಿಸಿಕೊಂಡ ಪ್ರಶ್ನೆಗೆ ಆಟಗಾರ ಸಾವಿರದೊಂದನೆಯ ಸಲವೂ ಅದೇ ಉತ್ತರ ಕೊಡುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ.

ನ್ಯೂಜಿಲೆಂಡ್ ತಂಡದ ರಚಿನ್ ರವೀಂದ್ರ ಅವರನ್ನೇ ತೆಗೆದುಕೊಳ್ಳಿ. ಅವರ ತಂದೆತಾಯಿ ಬೆಂಗಳೂರಿನವರು. 2023ರ ವಿಶ್ವಕಪ್ ಹೊತ್ತಿನಲ್ಲಿ ಕಂಡಕಂಡವರೆಲ್ಲ ಕೇಳಿದ್ದು, ರಾಹುಲ್ ಮತ್ತು ಸಚಿನ್ ಹೆಸರುಗಳನ್ನು ಕೂಡಿಸಿ ರಚಿನ್ ಎಂದು ಇಟ್ಟರೇ ಎಂಬುದನ್ನು. ಹಾಗೆ ಯೋಚಿಸಿ ಇಟ್ಟ ಹೆಸರಲ್ಲ ಎಂದು ಕೊನೆಗೆ ಅವರ ತಂದೆಯೇ ಸ್ಪಷ್ಟಪಡಿಸಬೇಕಾಯಿತು. ಅವರು ನಮ್ಮ ಊರಿಗೆ ಬಂದರೂ ನಮ್ಮವರು ಇದನ್ನೇ ಕೇಳುತ್ತಾರೆ, ಅದರ ಬೆನ್ನಿಗೇ ‘ಕನ್ನಡ ಬರುತ್ತದೆಯೇ’ ಎಂದು ಕೇಳುತ್ತಾರೆ. ಆದರೆ 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ ಭಾರತ ಬರಿಯ 46 ರನ್‌ಗೆ ಉರುಳಿದ ಟೆಸ್ಟ್‌ನಲ್ಲಿ ಅವರು 134 ರನ್ ಹೊಡೆದರು. ಹತ್ತು ಜನ ಔಟಾಗಿ ಹೋದ ಅಂಗಳಕ್ಕೆ ಇಳಿಯುವಾಗ ಮೊದಲ ಹತ್ತು ಎಸೆತಗಳಲ್ಲಿ ಯಾವ ಹೊಡೆತವನ್ನು ಆಡುವುದೇ ಇಲ್ಲವೆಂದು ನಿಶ್ಚಯಿಸಿದ್ದಿರಿ ಎಂದು ಒಬ್ಬ ಹುಡುಗ ಕೇಳಲಿ, ನೋಡೋಣ.

ನಿಮ್ಮಲ್ಲಿಗೆ ಬರುವವರಲ್ಲಿ ಒಬ್ಬರು ಸ್ಪಿನ್ನರ್ ಎಂದಿದ್ದೀರಿ. ಮುಂಬೈಯಲ್ಲಿ ಹುಟ್ಟಿ ಎಳೆಯ ವಯಸ್ಸಿನಲ್ಲೇ ನ್ಯೂಜಿಲೆಂಡ್‌ಗೆ ಹೋದ ಅಜಾಜ್ ಪಟೇಲ್ 2021ರ ಡಿಸೆಂಬರ್‌ನಲ್ಲಿ ವಾಂಖೆಡೆ ಮೈದಾನದಲ್ಲಿ 119 ರನ್‌ಗೆ ಭಾರತದ ಹತ್ತೂ ವಿಕೆಟ್ ತೆಗೆದರು. ಇಂಗ್ಲೆಂಡಿನ ಜಿಮ್ ಲೇಕರ್ ಮತ್ತು ನಮ್ಮ ಕುಂಬ್ಳೆಯ ನಂತರ ಟೆಸ್ಟ್‌ನಲ್ಲಿ ಅದನ್ನು ಮಾಡಿದವರು ಅವರೊಬ್ಬರೇ. ಆ ಪಂದ್ಯದ ಬಳಿಕ ಅವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದವರು ಎದುರಾಳಿ ತಂಡದ ಅಶ್ವಿನ್. ಭಾರತ ತಂಡದವರೆಲ್ಲ ಸಹಿ ಮಾಡಿದ ಅಂಗಿಯನ್ನು ಪಟೇಲ್ ಅವರ ಕೈಗಿತ್ತವರೂ ಅಶ್ವಿನ್ ಅವರೇ. ಹತ್ತು ವಿಕೆಟ್ ತೆಗೆದಾಗ ಹೇಗನ್ನಿಸಿತೆಂದು ಕೇಳಿದರೆ ಸಂತೋಷವಾಯಿತೆಂದೇ ಹೇಳುತ್ತಾರೆ, ಮತ್ತೇನು ಹೇಳಿಯಾರು! ಆದರೆ ಆ ಹತ್ತು ವಿಕೆಟ್‌ಗಳ ಬೆನ್ನಿಗೇ ಅವರ ತಂಡ 62 ರನ್‌ಗೆ ಔಟಾಗಿ, ಕೊನೆಗೆ 372 ರನ್‌ಗಳಿಂದ ಸೋತಿತು. ಹತ್ತು ವಿಕೆಟ್ ಕಿತ್ತವನು ಕೈಗೆ ಸುತ್ತಿದ ಪಟ್ಟಿ ಬಿಚ್ಚುವ ಮುಂಚೆಯೇ ಪ್ಯಾಡ್ ಕಟ್ಟಿಕೊಳ್ಳಬೇಕಾಗಿ ಬಂದಾಗ ಆ ಕೋಣೆಯಲ್ಲಿ ಯಾರು ಯಾರೊಡನೆ ಏನು ಮಾತನಾಡಿದರು? ಇನ್ನೊಂದು ಸಂಗತಿ: ಅವರು ಮೊದಲು ಆಡುತ್ತಿದ್ದದ್ದು ಎಡಗೈ ವೇಗದ ಬೌಲರ್ ಆಗಿ; ಸ್ಪಿನ್‌ಗೆ ಬಂದದ್ದು ಇಪ್ಪತ್ತರ ಆಸುಪಾಸಿನಲ್ಲಿ. ನಿಮ್ಮ ಇಪ್ಪತ್ತೆರಡು ಮಕ್ಕಳಲ್ಲಿ ಎತ್ತರ ಸಾಲದೆ ವೇಗದ ಬೌಲಿಂಗಿನಲ್ಲಿ ಒದ್ದಾಡುತ್ತಿರುವ ಒಬ್ಬನಾದರೂ ಇರುತ್ತಾನೆ. ‘ನೀವು ಬಿಟ್ಟದ್ದು ಯಾವ ದಿನ, ಬಿಡು ಎಂದು ಹೇಳಿದವರು ಯಾರು’ ಎಂಬ ಪ್ರಶ್ನೆ ಅವನದೇ. ಬರುವವರು ಅಜಾಜ್ ಪಟೇಲ್ ಅಲ್ಲದಿರಬಹುದು, ಆದರೆ ಪ್ರತಿಯೊಬ್ಬ ಆಟಗಾರನ ದಾಖಲೆಯಲ್ಲೂ ಇಂಥ ಒಂದು ತಿರುವು ಇದ್ದೇ ಇರುತ್ತದೆ. ಹೆಸರುಗಳು ಗೊತ್ತಾದ ಕೂಡಲೇ ಮಕ್ಕಳಿಗೆ ಮೊಬೈಲಿನಲ್ಲಿ ಅವರ ಆಟವನ್ನು ತೋರಿಸಿ. ಒಬ್ಬೊಬ್ಬರಿಗೂ ಒಂದೊಂದು ಓವರ್ ವಹಿಸಿಕೊಟ್ಟು, ಆ ಓವರಿನಿಂದಲೇ ಪ್ರಶ್ನೆ ಬರಲಿ ಎಂದು ಹೇಳಿ.

ನಾನು ತರಗತಿಯಲ್ಲಿ ಇದಕ್ಕೊಂದು ಆಟ ಆಡಿಸುತ್ತೇನೆ. 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ, ಬೆಂಗಳೂರಿನಲ್ಲಿ, ಪಾಕಿಸ್ತಾನದ ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟಿನಿಂದ ಆ ಕಡೆ ತೋರಿಸಿದ್ದು, ಮುಂದಿನ ಎಸೆತದಲ್ಲೇ ವೆಂಕಟೇಶ್ ಪ್ರಸಾದ್ ಸೊಹೈಲರ ಸ್ಟಂಪ್ ಹಾರಿಸಿದ್ದು ನಮ್ಮ ಮಕ್ಕಳಿಗೆ ಹುಟ್ಟುವ ಮೊದಲಿನ ಕಥೆಯಾದರೂ ವಿಡಿಯೋದಲ್ಲಿ ಬಾಯಿಪಾಠವಾಗಿದೆ. ಪ್ರಸಾದ್ ಎದುರಿಗಿದ್ದರೆ ಏನು ಕೇಳುತ್ತೀರಿ ಎಂದರೆ ಎಲ್ಲರೂ ಒಂದೇ ಉಸಿರಿಗೆ ‘ಸಿಟ್ಟು ಬಂತಾ’ ಎನ್ನುತ್ತಾರೆ. ಎರಡನೆಯ ಪ್ರಶ್ನೆ ಕೇಳಿರೆಂದು ಪಟ್ಟು ಹಿಡಿಯುತ್ತೇನೆ. ಹೋದ ವರ್ಷ ಎಂಟನೆಯ ತರಗತಿಯ ಹುಡುಗನೊಬ್ಬ, ‘ಓಡಿ ಬರೋ ಮೊದಲ ಫೀಲ್ಡಿಂಗ್ ಬದಲ್ ಮಾಡಿದ್ರೇನ್ರಿ’ ಎಂದ. ಉತ್ತರ ಏನೇ ಇರಲಿ, ಆ ಹುಡುಗ ಬಾಲ್ ಬಿಟ್ಟು ಮೈದಾನವನ್ನು ನೋಡಲು ಕಲಿತಿದ್ದ. ಹಾಗೆಯೇ 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಒಂಬತ್ತು ವಿಕೆಟ್ ತೆಗೆದಾದ ಮೇಲೆ ಹತ್ತನೆಯದೂ ಅವರಿಗೇ ಸಿಗಲೆಂದು ಶ್ರೀನಾಥ್ ಇನ್ನೊಂದು ತುದಿಯಿಂದ ಸ್ಟಂಪ್‌ನಿಂದ ದೂರ ದೂರ ಎಸೆದರು. ಎಲ್ಲರೂ ಕುಂಬ್ಳೆಯವರನ್ನು ಕೇಳುತ್ತಾರೆ. ವಿಕೆಟ್ ಬೀಳದಂತೆ ಬೌಲ್ ಮಾಡುವುದು ಎಷ್ಟು ಕಷ್ಟ ಎಂದು ಶ್ರೀನಾಥ್ ಅವರನ್ನು ಕೇಳಬೇಕು.

ಮಕ್ಕಳ ಕೈಯಲ್ಲಿ ಚೀಟಿ ಇರಲಿ, ಆದರೆ ಆಟಗಾರನ ಕೈಯಲ್ಲಿ ಚೆಂಡು ಇರಲಿ. ಬರಿಗೈಯಲ್ಲಿ ಕುಳಿತ ಸ್ಪಿನ್ನರ್ ಭಾಷಣ ಮಾಡುತ್ತಾನೆ. ಹಳೆಯ ಲೆದರ್ ಬಾಲ್ ಒಂದನ್ನು ಅವನ ಎದುರಿಗಿಟ್ಟು ನೋಡಿ, ಎರಡು ನಿಮಿಷದಲ್ಲಿ ಅವನ ಬೆರಳುಗಳು ತಾವಾಗಿಯೇ ಹೊಲಿಗೆಯನ್ನು ಹುಡುಕುತ್ತವೆ. ಆಗ ‘ತೋರಿಸ್ರಿ’ ಎಂದರೆ ಸಾಕು.

ಅಭಿಮಾನಿ ಏನನ್ನಾದರೂ ಕೇಳಿ ಪಡೆಯುವುದಷ್ಟೇ ಅಲ್ಲ, ಕೆಲವೊಮ್ಮೆ ಕೊಡಲೂಬಹುದು. ಚೆನ್ನೈಯ ಹೋಟೆಲೊಂದರ ಸಿಬ್ಬಂದಿಯೊಬ್ಬರು ಸಚಿನ್ ತೆಂಡೂಲ್ಕರ್ ಅವರಿಗೆ, ಮೊಣಕೈ ರಕ್ಷೆ ಕಟ್ಟಿದಾಗಲೆಲ್ಲ ನಿಮ್ಮ ಬ್ಯಾಟ್ ಬೀಸು ಬದಲಾಗುತ್ತದೆ ಎಂದು ಸಂಕೋಚದಿಂದಲೇ ಹೇಳಿದ್ದರು. ತಾನು ಯಾರಿಗೂ ಹೇಳದಿದ್ದ ವಿಷಯವನ್ನು ಈ ಮನುಷ್ಯ ಕಂಡುಹಿಡಿದದ್ದಕ್ಕೆ ಬೆರಗಾದ ತೆಂಡೂಲ್ಕರ್ ಆ ರಕ್ಷೆಯ ವಿನ್ಯಾಸವನ್ನೇ ಬದಲಿಸಿಕೊಂಡರು; 2019ರ ಡಿಸೆಂಬರ್‌ನಲ್ಲಿ ಅವರನ್ನು ಹುಡುಕಿಕೊಡಿ ಎಂದು ಸಾಮಾಜಿಕ ಜಾಲತಾಣದಲ್ಲಿ ಸಾರ್ವಜನಿಕವಾಗಿ ಕೇಳಿಕೊಂಡರು ಕೂಡ.


ಉತ್ತರ 3
ಬರೆದವರು: ಹಳೇ ಸ್ಕೋರರ್, ಇಳಕಲ್

ಮಾಸ್ತರ ಹೇಳಿದ್ದು ಸರಿಯೇ, ಆದರೆ ಮಕ್ಕಳನ್ನು ಪತ್ರಕರ್ತರನ್ನಾಗಿ ಮಾಡಲು ಹೊರಟಂತೆ ನನಗೆ ಕಾಣುತ್ತದೆ. ‘ನೋಡಿದ್ರ ಸಾಕ್ರಿ’ ಎಂದ ಹುಡುಗನ ಪಕ್ಷ ನನ್ನದು. ಊಟದ ಪ್ರಶ್ನೆಯನ್ನೂ ಒಂದಾದರೂ ಇಟ್ಟುಕೊಳ್ಳಿ. ಅದರಿಂದ ಬಿಗಿ ಸಡಿಲವಾಗುತ್ತದೆ. ಇನ್ನೊಂದು ಮಾತು. ವಿದೇಶದವರು ಬಂದರೆ ಮಾತ್ರ ಚೀಟಿ ಬರೆಯುವ ನಾವು, ಬೆಳಗಾವಿಯವರೇ ಆಗಿ ಕರ್ನಾಟಕಕ್ಕೆ ರಣಜಿ ಆಡಿದ ವೇಗದ ಬೌಲರ್ ರೋನಿತ್ ಮೋರೆ ಅವರಂಥವರಿಗೆ ಎಷ್ಟು ಪ್ರಶ್ನೆ ಕೇಳಿದ್ದೇವೆ? ನಮ್ಮ ಗಾಳಿಯಲ್ಲಿ, ನಮ್ಮ ನೆಲದ ಮೇಲೆ, ಟೆನಿಸ್ ಬಾಲಿನಿಂದ ಲೆದರ್ ಬಾಲಿಗೆ ಹೇಗೆ ಬಂದಿರೆಂಬುದನ್ನು ಅಂಥವರೇ ಹೇಳಬಲ್ಲರು. ಮೊದಲು ಮನೆಯವರೊಡನೆ ಅಭ್ಯಾಸವಾಗಲಿ.


ಉತ್ತರ 4
ಬರೆದವರು: ಗೋಳಗುಮ್ಮಟದ ಹತ್ತಿರದವಳು, ವಿಜಯಪುರ

ಓಪನರ್ ಅವರೇ, ನಾನು ಕ್ರಿಕೆಟ್ ಆಡಿದವಳಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ನನ್ನ ಮಗಳು ಆಡುತ್ತಾಳೆ. ಇಲ್ಲಿ ಯಾರೂ ಎತ್ತದ ಒಂದು ತೊಡಕನ್ನು ನಾನು ಹೇಳಬೇಕಾಗಿದೆ, ಏಕೆಂದರೆ ಆ ತಪ್ಪನ್ನು ಮಾಡಿದವಳು ನಾನೇ.

ಕೆಲವು ವರ್ಷಗಳ ಹಿಂದೆ ಒಂದು ಶಿಬಿರಕ್ಕೆ ವಿದೇಶದ ಮಾಜಿ ಆಟಗಾರರೊಬ್ಬರು ಬಂದಿದ್ದರು. ಮಕ್ಕಳ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತು, ‘ಔಟ್ ಆಗಿ ಒಳಗ ಹೋದ ಮ್ಯಾಲ ನೀವು ಅಳ್ತಿದ್ರೇನ್ರಿ?’ ಎಂದು ಕೇಳಿದ. ಸಭೆ ಗೊಳ್ಳೆಂದು ನಕ್ಕಿತು. ನನಗೆ ಆ ಪ್ರಶ್ನೆ ಸ್ವಲ್ಪ ಒರಟಾಗಿ ಕಂಡದ್ದರಿಂದ ಅದನ್ನು ನಯಗೊಳಿಸಿ, ವೈಫಲ್ಯವನ್ನು ನೀವು ಹೇಗೆ ನಿಭಾಯಿಸುತ್ತಿದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಪರಿಶ್ರಮ, ಶಿಸ್ತು, ಸಕಾರಾತ್ಮಕ ಚಿಂತನೆ ಎಂದೆಲ್ಲ ಮೂರು ನಿಮಿಷ ಹೇಳಿದರು. ನಾನು ಅದನ್ನೆಲ್ಲ ಕನ್ನಡಕ್ಕೆ ತಂದೆ. ಹುಡುಗ ಕುಳಿತುಕೊಳ್ಳಲೇ ಇಲ್ಲ. ‘ಅದನ್ನ ಕೇಳಿಲ್ರಿ ಟೀಚರ್ ನಾ’ ಎಂದ. ನಾಚಿಕೆಯಾಗಿ, ಅವನ ಮಾತನ್ನು ಇದ್ದ ಹಾಗೆಯೇ ತಿರುಗಿಸಿ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು ನಕ್ಕರು. ಒಮ್ಮೆ ಸೊನ್ನೆಗೆ ಔಟಾಗಿ ಬಂದು, ಜೊತೆಯವರಿಗೆ ಕೇಳಿಸಬಾರದೆಂದು ಬಚ್ಚಲಮನೆಯ ನಲ್ಲಿ ತಿರುಗಿಸಿಟ್ಟು, ಹೆಲ್ಮೆಟನ್ನೂ ತೆಗೆಯದೆ ಕುಳಿತಿದ್ದೆ ಎಂದರು. ಆ ದಿನದ ಇಡೀ ಕಾರ್ಯಕ್ರಮದಲ್ಲಿ ನನ್ನ ನೆನಪಿನಲ್ಲಿ ಉಳಿದದ್ದು ಆ ನಲ್ಲಿಯೊಂದೇ. ಆದ್ದರಿಂದ ದುಭಾಷಿಯಾಗಿ ಯಾರನ್ನು ನಿಲ್ಲಿಸಿದರೂ ಮಕ್ಕಳ ಮಾತನ್ನು ಚಂದ ಮಾಡಬೇಡಿರೆಂದು ಅವರಿಗೆ ಮೊದಲೇ ತಾಕೀತು ಮಾಡಿ. ಶ್ರೀಲಂಕಾ, ಬಾಂಗ್ಲಾದೇಶ, ಅಫ್ಘಾನಿಸ್ತಾನದಂಥ ತಂಡವಾದರೆ ಆಟಗಾರರಿಗೂ ಇಂಗ್ಲಿಷ್ ಎರಡನೆಯ ಭಾಷೆಯೇ ಆಗಿರುತ್ತದೆ ಎಂಬುದು ನೆನಪಿರಲಿ; ಸಣ್ಣ ವಾಕ್ಯಗಳಾದರೆ ಇಬ್ಬರಿಗೂ ಅನುಕೂಲ.

ಎರಡನೆಯದು ಹುಡುಗಿಯರ ವಿಷಯ. ಇಪ್ಪತ್ತೆರಡರಲ್ಲಿ ಆರು ಜನ ಎಂದಿದ್ದೀರಿ. ಮೈಕ್ ಕೈಯಿಂದ ಕೈಗೆ ಸಾಗುವಾಗ ಅದು ಆ ಆರು ಜನರ ತನಕ ಬರುವುದೇ ಇಲ್ಲ. ನಾನು ಪ್ರತಿ ಸಲ ನೋಡುತ್ತಿದ್ದೇನೆ. ಮೊದಲ ಪ್ರಶ್ನೆಯನ್ನು ಅವರಿಂದಲೇ ಕೇಳಿಸಿ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ತೆಗೆದದ್ದನ್ನು ಎಲ್ಲರೂ ಹೇಳುತ್ತಾರೆ. ಇಂಗ್ಲೆಂಡಿನ ಡರ್ಬಿಯಲ್ಲಿ ನಡೆದ ಆ ಪಂದ್ಯ ಆ ಟೂರ್ನಿಯಲ್ಲಿ ಅವರಿಗೆ ಮೊದಲನೆಯದಾಗಿತ್ತು ಎಂಬುದನ್ನು ಹೇಳುವವರು ಕಡಿಮೆ. ಅಷ್ಟೂ ದಿನ ಬೆಂಚಿನ ಮೇಲೆ ಕುಳಿತು, ಗೆಲ್ಲದಿದ್ದರೆ ಸೆಮಿಫೈನಲ್ ಇಲ್ಲ ಎಂಬ ದಿನ ಚೆಂಡು ಕೈಗೆ ಬಂದಾಗ ಬೆರಳುಗಳು ಹೇಗೆ ಸಿದ್ಧವಾಗಿದ್ದವು? ನೀರು ಹೊತ್ತುಕೊಂಡು ಮೈದಾನಕ್ಕೆ ಓಡುವ ದಿನಗಳಲ್ಲಿ ನೆಟ್ಸ್‌ನಲ್ಲಿ ಯಾರಿಗೆ ಬೌಲ್ ಮಾಡುತ್ತಿದ್ದರು? ನನ್ನ ಮಗಳು ಈಗ ತಂಡದಲ್ಲಿ ಹೆಚ್ಚಾಗಿ ಹನ್ನೆರಡನೆಯವಳು, ಅಂದರೆ ಬದಲಿ ಆಟಗಾರ್ತಿ. ಅವಳ ಪ್ರಶ್ನೆ ಇದೇ, ಮತ್ತು ಇದನ್ನು ಯಾವ ದೇಶದ ಆಟಗಾರನಿಗೂ ಕೇಳಬಹುದು, ಏಕೆಂದರೆ ಪ್ರವಾಸಿ ತಂಡದಲ್ಲಿ ಆಡದೆ ಕುಳಿತವರು ಯಾವಾಗಲೂ ನಾಲ್ಕೈದು ಜನ ಇದ್ದೇ ಇರುತ್ತಾರೆ.

ಹಿರಿಯರಿಗೂ ಒಂದು ಬಿನ್ನಹ. ‘ನಮ್ಮವರ ಕೈಯಲ್ಲಿ ಹೋದ ಸಲ ಸೋತಿರಲ್ಲ’ ಎಂದು ಚುಚ್ಚುವ ಒಬ್ಬರಾದರೂ ಪ್ರತಿ ಸಭೆಯಲ್ಲೂ ಇರುತ್ತಾರೆ. 1999ರ ಜನವರಿಯಲ್ಲಿ ಚೆನ್ನೈ ಟೆಸ್ಟನ್ನು ಪಾಕಿಸ್ತಾನ 12 ರನ್‌ಗಳಿಂದ ಗೆದ್ದಾಗ ಚೆಪಾಕ್‌ನ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು, ಗೆದ್ದ ತಂಡ ಮೈದಾನದ ಸುತ್ತ ಓಡಿ ಅದನ್ನು ಸ್ವೀಕರಿಸಿದ್ದನ್ನು ಅಂಥವರಿಗೆ ಒಮ್ಮೆ ತೋರಿಸಿ, ಹಿಂದಿನ ಸಾಲಿನಲ್ಲಿ ಕೂರಿಸಿ.


ಮರು ಉತ್ತರ
ಬರೆದವರು: ಟಿಳಕವಾಡಿ ಓಪನರ್, ಬೆಳಗಾವಿ

ಎಲ್ಲರಿಗೂ ಋಣಿಯಾಗಿದ್ದೇನೆ. ಶಾಲು ರದ್ದಾಯಿತು; ಸಂಘದ ಅಧ್ಯಕ್ಷರಿಗೆ ಸ್ವಲ್ಪ ಬೇಸರವಾಗಿದೆ, ಆದರೆ ಕಂಪಾಸ್ ಪೆಟ್ಟಿಗೆಯ ಹುಡುಗಿಯ ಕಥೆಯನ್ನು ಓದಿ ಹೇಳಿದ ಮೇಲೆ ಅವರೂ ಸುಮ್ಮನಾದರು. ಕುಂದಾ ಸೀಲ್ ಡಬ್ಬಿಯಲ್ಲಿಯೇ ಹೋಗುತ್ತದೆ. ಹಳೇ ಸ್ಕೋರರ್ ಅವರ ಮಾತಿನಂತೆ, ಜಿಲ್ಲೆಯಿಂದ ಆಡಿದ ಹಿರಿಯರೊಬ್ಬರನ್ನು ಈ ಭಾನುವಾರ ಕರೆದು ಮಕ್ಕಳಿಂದ ಪ್ರಶ್ನೆ ಕೇಳಿಸಿದೆವು. ಊಟದ ಪ್ರಶ್ನೆಯನ್ನೂ ಒಂದು ಇಟ್ಟಿದ್ದೆವು. ಅದಕ್ಕೆ ಅವರು, ಪಂದ್ಯಕ್ಕೆ ಹೊರಡುವಾಗ ಮನೆಯಿಂದ ಕಟ್ಟಿಕೊಂಡು ಒಯ್ಯುತ್ತಿದ್ದ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿಯನ್ನು ಹಾಸ್ಟೆಲಿನಲ್ಲಿ ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದುದನ್ನು ಹೇಳಿದರು. ಮಾಸ್ತರ, ಈ ಒಂದು ವಿಷಯದಲ್ಲಿ ಸ್ಕೋರರ್ ಅವರಿಗೇ ಗೆಲುವು.

ಚೀಟಿಗಳನ್ನು ಮತ್ತೊಮ್ಮೆ ಬರೆಸಿದೆ. ಎಲ್ಲವೂ ಬದಲಾಗಿವೆ ಎಂದು ಹೇಳಲಾರೆ. ಕೊಹ್ಲಿಯ ಹೆಸರು ಇನ್ನೂ ಎರಡರಲ್ಲಿದೆ. ಹಿಂದಿನ ವಾರ ಖಾಲಿ ಚೀಟಿ ಕೊಟ್ಟಿದ್ದ ಹುಡುಗ ಈ ಸಲ ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಒಂದು ಸಾಲು ಬರೆದಿದ್ದಾನೆ. ಅವನು ವಿಕೆಟ್ ಕೀಪರ್. ಎಡಗೈಯ ಕಿರುಬೆರಳಿಗೆ ಎರಡು ಸಲ ಪೆಟ್ಟಾಗಿ ಅದು ಸೊಟ್ಟಗಾಗಿದೆ. ಬರುವವರು ಕೀಪರ್ ಅಲ್ಲ, ಸ್ಪಿನ್ನರ್ ಎಂದು ನೆನಪಿಸಿದೆ. ‘ಗೊತ್ತೈತ್ರಿ ಸರ’ ಎಂದು ಚೀಟಿ ನನ್ನ ಕೈಗಿಟ್ಟ. ಅದರಲ್ಲಿ ಹೀಗಿದೆ: ‘ನಿಮ್ಮ ಬಾಲ್ ಯಾವ ಕಡೆ ತಿರುಗ್ತದ ಅಂತ ನಿಮ್ಮ ಕೀಪರ್‌ಗೆ ಮೊದಲ ಹೇಳ್ತೀರೋ, ಅಂವಾನೂ ನಮ್ಮಂಗ ಕೈ ನೋಡೇ ತಿಳ್ಕೋಬೇಕೋ?’

ಗೋಳಗುಮ್ಮಟದ ಮೇಡಂ, ಆ ದಿನ ನೀವು ಬೆಳಗಾವಿಗೆ ಬರಲು ಸಾಧ್ಯವಾದರೆ ಇದನ್ನು ಇದ್ದ ಹಾಗೆಯೇ ಇಂಗ್ಲಿಷಿಗೆ ತಿರುಗಿಸಿಕೊಡಿ. ಮಗಳನ್ನೂ ಕರೆದುಕೊಂಡು ಬನ್ನಿ.